ನಿಮಗಿದು ಗೊತ್ತೇ? ಬಾಹ್ಯಾಕಾಶದ ಲಾರಿಗೆ ಹಗ್ಗ ಬಿಗಿಯುವವರಿಲ್ಲ!

ಅಮೆರಿಕದ ಸ್ಪೇಸ್ ಷಟಲ್‌ನ ಸರಕುಕೋಣೆ 18 ಮೀಟರ್ ಉದ್ದ, 4.6 ಮೀಟರ್ ಅಗಲ. ಒಂದು ಬಸ್ಸನ್ನೇ ನುಗ್ಗಿಸಬಹುದು! ಅಷ್ಟು ದೊಡ್ಡ ಕೋಣೆಯಲ್ಲಿ ಉಪಗ್ರಹಗಳು ಅಲುಗಾಡದೆ ಕೂರುತ್ತಿದ್ದುದು ಹೇಗೆ?

ಕೋಟೆಗಳಲ್ಲಿ ಹಳೇ ಫಿರಂಗಿ ನೋಡಿದ್ದೀರಲ್ಲ? ಅದರ ಎರಡೂ ಮಗ್ಗುಲಿಗೆ ಮೋಟುಗೂಟದಂಥದ್ದು ಚಾಚಿಕೊಂಡಿರುತ್ತದೆ. ಹೆಸರು ಟ್ರನಿಯನ್. ಷಟಲ್‌ನ ಸರಕಿಗೂ ಅದೇ ಹೆಸರಿನ ಲೋಹದ ಗೂಟಗಳು: ಪಕ್ಕದವು ಕೋಣೆಯ ಅಂಚಿನ ತೊಲೆಗಳ ಮೇಲೆ ಕೂತರೆ, ಹೊಟ್ಟೆಯಡಿಯದು ಕೋಣೆಯ ತಳಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಟನ್‌ಗಟ್ಟಲೆ ತೂಗುವ ಸರಕಿಗೂ ಸಾಮಾನ್ಯವಾಗಿ ನಾಲ್ಕೈದು ಹಿಡಿತ, ಅಷ್ಟೇ.

ಸೋಜಿಗ ಇರುವುದು ಮುಂದೆ. ಈ ಹಿಡಿತಗಳೆಲ್ಲ ಒಂದೇ ಬಿಗಿಯಲ್ಲ! ಮೇಲೇರುವಾಗ ಸರಕು ತನ್ನ ತೂಕದ ಮೂರು ಪಟ್ಟು ಬಲದಿಂದ ಹಿಂದಕ್ಕೆ ಜಗ್ಗುತ್ತಿತ್ತು. ಅದನ್ನು ತಡೆಯುತ್ತಿದ್ದುದು ಎರಡೇ ಗೂಟ. ಪಕ್ಕದ ಉಳಿದವಕ್ಕೆ ಹಿಂದೆಮುಂದೆ ಜಾರುವಷ್ಟು ಸಲಿಗೆ. ಅಡಿಯದರ ಕೆಲಸ ಸರಕು ಅಡ್ಡ ಹೊಯ್ದಾಡದಂತೆ ನೋಡಿಕೊಳ್ಳುವುದು. ನೌಕೆ ಹಾರುವಾಗ ಬಾಗುತ್ತಿತ್ತು, ಬಿಸಿಲಿಗೆ ಹಿಗ್ಗುತ್ತಿತ್ತು, ನೆರಳಿಗೆ ಕುಗ್ಗುತ್ತಿತ್ತು. ಎಲ್ಲ ಕಡೆ ಬಿಗಿದು ಕಟ್ಟಿದ್ದರೆ ಆ ಹಿಂಸೆಯೆಲ್ಲ ಉಪಗ್ರಹದ ಮೈಮೇಲೆ.



ನೌಕೆಯಲ್ಲೇ ಉಳಿಯುವ ಸರಕಿಗೆ ಬೋಲ್ಟು. ಕಕ್ಷೆಯಲ್ಲಿ ಇಳಿಸುವುದಕ್ಕೆ ಮೋಟಾರಿನಿಂದ ತೆರೆಯುವ ಅಗುಳಿ. 1990ರ ಏಪ್ರಿಲ್‌ನಲ್ಲಿ ಸುಮಾರು 11 ಟನ್ನಿನ ಹಬಲ್ ದೂರದರ್ಶಕವನ್ನು ಅಗುಳಿ ತೆರೆದು, ಯಂತ್ರತೋಳಿನಿಂದ ಎತ್ತಿ ಹೊರಗೆ ಬಿಟ್ಟರು.

ನಮ್ಮ ಇನ್ಸಾಟ್-1ಬಿ ಉಪಗ್ರಹಕ್ಕೆ ತೋಳಿನ ಹಂಗೂ ಇರಲಿಲ್ಲ. 1983ರ ಆಗಸ್ಟ್ 30ರಂದು ಚಾಲೆಂಜರ್ ಷಟಲ್ ಏರಿದ ಅದನ್ನು ಮರುದಿನ ತೊಟ್ಟಿಲಲ್ಲೇ ಬುಗುರಿಯಂತೆ ತಿರುಗಿಸಿ, ಪಟ್ಟಿ ಬಿಚ್ಚಿ, ಸ್ಪ್ರಿಂಗ್‌ನಿಂದ ಹೊರಕ್ಕೆ ದಬ್ಬಿದರು. ಆಮೇಲೆ ಅದನ್ನು ಸಾಕಿದ್ದು ನಮ್ಮ ಹಾಸನದ ನಿಯಂತ್ರಣ ಕೇಂದ್ರ!

ಸರಕನ್ನು ಮರಳಿ ತುಂಬುವುದು ಮಾತ್ರ ಪಡಿಪಾಟಲು. 1984ರ ನವೆಂಬರ್‌ನಲ್ಲಿ ದಾರಿ ತಪ್ಪಿದ್ದ ಇಂಡೋನೇಷ್ಯಾದ ಪಲಾಪ-ಬಿ2 ಉಪಗ್ರಹವನ್ನು ಹಿಡಿದು ತರಲು ಡಿಸ್ಕವರಿ ಷಟಲ್ ಹೋಯಿತು. ಕೊಂಡೊಯ್ದಿದ್ದ ಹಿಡಿಚೌಕಟ್ಟು ಅದಕ್ಕೆ ಕೂರಲೇ ಇಲ್ಲ. ಗಗನಯಾತ್ರಿ ಜೋ ಆಲನ್ ಅರ್ಧ ಟನ್ನಿಗೂ ಮಿಗಿಲಾದ ಆ ಉಪಗ್ರಹವನ್ನು ಸುಮಾರು ಒಂದೂವರೆ ಗಂಟೆ, ಅಂದರೆ ಭೂಮಿಗೊಂದು ಪೂರ್ತಿ ಸುತ್ತು, ಕೈಯಲ್ಲೇ ಹಿಡಿದು ನಿಂತರು. ಅಷ್ಟರಲ್ಲಿ ಜೊತೆಗಾರ ಡೇಲ್ ಗಾರ್ಡ್ನರ್ ಕೆಳಗೆ ಕೊಂಡಿ ಜೋಡಿಸಿದರು. ಭದ್ರವಾಗಿ ಭೂಮಿಗೆ ಬಂದ ಆ ಉಪಗ್ರಹ ದುರಸ್ತಿಯಾಗಿ 1990ರಲ್ಲಿ ಮತ್ತೆ ಹಾರಿತು.