ಚರ್ಮವಾಗು ಎಂದು ಕೋಶಕ್ಕೆ ಹೇಳುವವರು ಯಾರು?

1999ರಲ್ಲಿ ಅಮೆರಿಕದ ಎರಡು ಪ್ರಯೋಗಾಲಯಗಳು ಇಲಿಗಳಲ್ಲಿ ಪಿ63 ಎಂಬ ಒಂದೇ ಒಂದು ಜೀನನ್ನು ಕೆಲಸ ಮಾಡದಂತೆ ತಡೆದವು. ಹುಟ್ಟಿದ ಮರಿಗಳಿಗೆ ಹೊರಚರ್ಮವೇ ಇರಲಿಲ್ಲ, ಕಾಲುಗಳೂ ಸರಿಯಾಗಿ ಮೂಡಿರಲಿಲ್ಲ. ಮೈಯ ನೀರು ಆರಿಹೋಗಿ ಅವು ಹುಟ್ಟಿದ ದಿನವೇ ಸತ್ತವು.

ಚರ್ಮ, ಯಕೃತ್ತು, ಮಿದುಳು ಎಲ್ಲೆಡೆಯೂ ಜೀವಕೋಶಗಳಲ್ಲಿರುವ ಡಿಎನ್‌ಎ ಒಂದೇ. ಯಕೃತ್ತಿನ ಕೋಶದಲ್ಲೂ ಕೆರಾಟಿನ್ ಎಂಬ ಪ್ರೋಟೀನನ್ನು ತಯಾರಿಸುವ ಜೀನುಗಳೆಲ್ಲ ಇವೆ. ಆದರೆ ಚರ್ಮದ ಕೆರಾಟಿನ್ ಜೀನುಗಳನ್ನು ಅದು ಓದುವುದಿಲ್ಲ. ಯಾವ ಜೀನನ್ನು ಓದಬೇಕು, ಯಾವುದನ್ನು ಮುಚ್ಚಿಡಬೇಕು ಎಂಬುದರಲ್ಲೇ ಕೋಶದ ಹಣೆಬರಹವಿದೆ. ಪಿ63 ಜೀನಿನಿಂದ ತಯಾರಾಗುವ ಪ್ರೋಟೀನು ಡಿಎನ್‌ಎಯ ಆಯ್ದ ಜಾಗಗಳಿಗೆ ಅಂಟಿಕೊಂಡು ಬೇರೆ ನೂರಾರು ಜೀನುಗಳನ್ನು ಎಚ್ಚರಿಸುತ್ತದೆ ಇಲ್ಲವೇ ಮಲಗಿಸುತ್ತದೆ. ಮನುಷ್ಯರಲ್ಲಿ ಈ ಜೀನಿನ ಒಂದೇ ಅಕ್ಷರ ಬದಲಾದರೂ ಸಾಕು, ಮಗು ಸೀಳುತುಟಿ, ಸೀಳಿದ ಕೈಕಾಲು, ವಿರಳ ಕೂದಲಿನೊಂದಿಗೆ ಹುಟ್ಟಬಹುದು.

ಹೊರಚರ್ಮದ ತಳಪದರದ ಕೋಶಗಳು ವಿಭಜನೆಯಾಗುತ್ತಲೇ ಇರುತ್ತವೆ. ಅಲ್ಲಿ ಕೆರಾಟಿನ್ 5 ಮತ್ತು 14ರ ಜೀನುಗಳು ಚುರುಕಾಗಿರುತ್ತವೆ. ಮುಂದೆ ಬೇಕಾಗುವ ಜೀನುಗಳಿರುವ ಡಿಎನ್‌ಎ ಹಿಸ್ಟೋನ್ ಎಂಬ ಪ್ರೋಟೀನುಗಳ ಮೇಲೆ ಬಿಗಿಯಾಗಿ ಸುತ್ತಿಕೊಂಡಿರುತ್ತದೆ. ಈಗಲೇ ತೆರೆಯಬೇಡಿ ಎನ್ನುವ ರಾಸಾಯನಿಕ ಮುದ್ರೆಯೂ ಅದರ ಮೇಲಿರುತ್ತದೆ. ಕೋಶ ಮೇಲಕ್ಕೆ ಸರಿದಂತೆ ಸುತ್ತಲಿನ ಕ್ಯಾಲ್ಸಿಯಂ ಹೆಚ್ಚುತ್ತದೆ, ಪಕ್ಕದ ಕೋಶಗಳಿಂದ ಸಂಕೇತಗಳು ಬರುತ್ತವೆ, ಕಿಣ್ವಗಳು ಆ ಮುದ್ರೆಯನ್ನು ಅಳಿಸುತ್ತವೆ. ಹಳೆಯ ಕೆರಾಟಿನ್‌ಗಳು ನಿಂತು 1 ಮತ್ತು 10 ಶುರುವಾಗುತ್ತವೆ. ಆಮೇಲೆ ಚರ್ಮದ ಇತರ ಪ್ರೋಟೀನುಗಳಾದ ಲೋರಿಕ್ರಿನ್, ಫಿಲಗ್ರಿನ್‌ಗಳ ಸರದಿ. ಕೊನೆಗೆ ಕೋಶ ತನ್ನ ಕೋಶಕೇಂದ್ರವನ್ನೇ ಕಳೆದುಕೊಂಡು ಸಾಯುತ್ತದೆ. ನಮ್ಮನ್ನು ಬಿಸಿಲು, ದೂಳು, ಸೋಂಕಿನಿಂದ ಕಾಯುವುದು ಹೀಗೆ ಕ್ರಮಬದ್ಧವಾಗಿ ಸತ್ತ ಕೋಶಗಳ ಪದರ! ನನ್ನ ಮಟ್ಟಿಗೆ ದೇಹದಲ್ಲಿ ಇದಕ್ಕಿಂತ ಬೆರಗಿನ ಸಂಗತಿ ಕಡಿಮೆ. ಫಿಲಗ್ರಿನ್ ಜೀನಿನ ದೋಷವೇ ಮೀನಿನ ಪೊರೆಯಂತೆ ಚರ್ಮ ಒಣಗುವ ಇಕ್ತಿಯೋಸಿಸ್ ವಲ್ಗ್ಯಾರಿಸ್‌ಗೆ ಕಾರಣ, ಇಸುಬಿನ ಅಪಾಯವನ್ನೂ ಹೆಚ್ಚಿಸುತ್ತದೆ ಎಂದು 2006ರಲ್ಲಿ ಸ್ಕಾಟ್ಲೆಂಡಿನ ಡಂಡೀಯ ವಿಜ್ಞಾನಿಗಳು ತೋರಿಸಿಕೊಟ್ಟರು.

ಚರ್ಮದ ಕೋಶಗಳ ಕುರಿತ ತಿಳಿವಳಿಕೆ ಒಂದು ಜೀವ ಉಳಿಸಿದ್ದೂ ಉಂಟು. ಮುಟ್ಟಿದರೆ ಚರ್ಮ ಕಿತ್ತುಬರುವ ಆನುವಂಶಿಕ ಕಾಯಿಲೆಯಿಂದ ಜರ್ಮನಿಯ ಆಸ್ಪತ್ರೆಯೊಂದರಲ್ಲಿ ಸಾವಿನಂಚಿನಲ್ಲಿದ್ದ ಏಳು ವರ್ಷದ ಬಾಲಕನಿಗೆ ಇಟಲಿಯ ಮಿಕೇಲೆ ದೆ ಲುಕಾ ತಂಡ ಅವನದೇ ಕೋಶಗಳಲ್ಲಿ ಸರಿಯಾದ ಜೀನು ಸೇರಿಸಿ ಬೆಳೆಸಿದ ಹೊರಚರ್ಮವನ್ನು ಕೊಟ್ಟಿತು. ಮೈಯ ಶೇ. 80ರಷ್ಟು ಭಾಗ ಹೊಸದಾಯಿತು. ಅದರ ವಿವರ 2017ರಲ್ಲಿ ಪ್ರಕಟವಾಯಿತು. ಕಸಿ ಮಾಡಿದ ಕೋಶಗಳಲ್ಲಿ ಹೆಚ್ಚಿನವು ಕೆಲವೇ ತಿಂಗಳಲ್ಲಿ ಉದುರಿಹೋದವು. ಚರ್ಮವನ್ನು ಉಳಿಸಿದ್ದು ದೀರ್ಘಾಯುಷಿಗಳಾದ ಕೆಲವೇ ಆಕರಕೋಶಗಳು (ಸ್ಟೆಮ್ ಸೆಲ್). ಚರ್ಮದ ಆನುವಂಶಿಕ ಕಾಯಿಲೆಗಳಿಗೆ ಶಾಶ್ವತ ಪರಿಹಾರ ಬೇಕಿದ್ದರೆ ಚಿಕಿತ್ಸೆ ಈ ಆಕರಕೋಶಗಳನ್ನೇ ಮುಟ್ಟಬೇಕು.