ಲಾರಿಯ ತಾಪ: ನಿದಾನವೂ ನಿಧಾನವೂ

ಡೀಸೆಲ್ ಯಂತ್ರವು ಉಷ್ಣದಿಂದ ಬಾಳುವಂಥದು; ಅದೇ ಉಷ್ಣವು ಮಿತಿಮೀರಿದರೆ ಅದರಿಂದಲೇ ಅಳಿಯುವಂಥದು. ಜರ್ಮನಿಯ ರುಡಾಲ್ಫ್ ಡೀಸೆಲ್ 1893ರಲ್ಲಿ ಪೇಟೆಂಟ್ ಪಡೆದ ಈ ಯಂತ್ರದಲ್ಲಿ ಕಿಡಿಯ ನೆರವಿಲ್ಲ. ಸಿಲಿಂಡರಿನೊಳಗೆ ಗಾಳಿಯನ್ನು ಬಲವಾಗಿ ಅದುಮಿದಾಗ ಹುಟ್ಟುವ ಕಾವಿಗೇ ಇಂಧನವು ಹೊತ್ತಿಕೊಳ್ಳುತ್ತದೆ. ಹೀಗೆ ಉರಿದ ಇಂಧನದ ಶಾಖದಲ್ಲಿ ಸ್ಥೂಲವಾಗಿ ಮೂರನೆಯ ಒಂದು ಪಾಲು ಮಾತ್ರ ಚಕ್ರವನ್ನು ತಿರುಗಿಸುವ ಕೆಲಸಕ್ಕೆ ಬರುತ್ತದೆ. ಇನ್ನೊಂದು ದೊಡ್ಡ ಪಾಲು ಹೊಗೆಯ ಕೊಳವೆಯಿಂದ ಹೊರಟುಹೋಗುತ್ತದೆ. ಉಳಿದುದರಲ್ಲಿ ಬಹುಭಾಗವನ್ನು ನೀರು ಹೊತ್ತು ರೇಡಿಯೇಟರಿಗೆ ತಂದು, ಬೀಸುವ ಗಾಳಿಗೆ ಒಪ್ಪಿಸಬೇಕು. ಈ ಒಪ್ಪಿಸುವಿಕೆಯಲ್ಲಿ ಎಲ್ಲಿ ತಡೆಯುಂಟಾದರೂ ಲಾರಿಗೆ ‘ಜ್ವರ’ ಬಂದಿತೆಂದೇ ತಿಳಿಯಬೇಕು.

ಮರ್ಸಿಡಿಸ್-ಬೆಂಜ್ ಸಹಯೋಗದಿಂದ 1954ರಲ್ಲಿ ಆರಂಭವಾದ ಟಾಟಾ ಲಾರಿಗಳೂ ಅಶೋಕ್ ಲೇಲ್ಯಾಂಡಿನ ಕಾಮೆಟ್ ಲಾರಿಗಳೂ ದಶಕಗಳ ಕಾಲ ನಮ್ಮ ನಾಡಿನ ಘಾಟಿಗಳನ್ನು ಹತ್ತಿ ಇಳಿದವು. ಇಂದಿನ ಹೊಸ ವಾಹನಗಳಲ್ಲಿ ತಾಪ ಏರಿದೊಡನೆ ಎಚ್ಚರಿಸುವ, ಯಂತ್ರದ ಶಕ್ತಿಯನ್ನು ತಾನೇ ತಗ್ಗಿಸುವ ವಿದ್ಯುನ್ಮಾನ ವ್ಯವಸ್ಥೆಯಿರುತ್ತದೆ. ಹಳೆಯ ಲಾರಿಯಲ್ಲಿ ಇರುವುದು ಚಾಲಕನ ಮುಂದಿನ ಒಂದು ಮುಳ್ಳು ಮಾತ್ರ. ಆ ಮುಳ್ಳನ್ನು ಓದುವ ಬುದ್ಧಿಯನ್ನು ಚಾಲಕನೇ ಒದಗಿಸಬೇಕು. ಒಂದೇ ಲಾರಿಯನ್ನು ನಂಬಿ ಸಂಸಾರ ಸಾಗಿಸುವ ಮಾಲೀಕನಿಗೆ ಇದು ಸಣ್ಣ ವಿಷಯವಲ್ಲ. ಐದು ನಿಮಿಷದ ಅಲಕ್ಷ್ಯದಿಂದ ಸಿಲಿಂಡರ್ ಹೆಡ್ ಸೊಟ್ಟಗಾದರೆ ಅಥವಾ ಪಿಸ್ಟನ್ ಹಿಡಿದುಕೊಂಡರೆ ತಿಂಗಳುಗಟ್ಟಲೆಯ ದುಡಿಮೆ ಗ್ಯಾರೇಜಿನ ಪಾಲಾಗುತ್ತದೆ. ಕಂತಿನ ಸಾಲವಾದರೋ ಕಾಯುವುದಿಲ್ಲ.

ರೋಗದ ಮೂಲಕಾರಣಕ್ಕೂ ಅದನ್ನು ಹುಡುಕಿ ನಿಶ್ಚಯಿಸುವುದಕ್ಕೂ ಆಯುರ್ವೇದದಲ್ಲಿ ‘ನಿದಾನ’ವೆಂಬ ಹೆಸರುಂಟು. ಕನ್ನಡದ ‘ನಿಧಾನ’ವೆಂಬ ಮಾತಿಗೆ ತಾಳ್ಮೆಯೆಂಬ ಅರ್ಥ ಬಳಕೆಯಲ್ಲಿದೆ. ಒಂದು ಮಹಾಪ್ರಾಣದ ಅಂತರವುಳ್ಳ ಈ ಎರಡು ಶಬ್ದಗಳೂ ಲಾರಿಯ ತಾಪದ ವಿಷಯದಲ್ಲಿ ಜೊತೆಯಾಗಿಯೇ ಬೇಕು. ತಾಪವು ರೋಗವಲ್ಲ, ರೋಗದ ಚಿಹ್ನೆ. ಚಿಹ್ನೆಯನ್ನು ಕಂಡೊಡನೆ ಸಾಮಾನು ಬದಲಿಸಲು ಹೊರಡುವವನು ಹಣವನ್ನೂ ಕಾಲವನ್ನೂ ಕಳೆಯುತ್ತಾನೆ. ಕಾರಣವನ್ನು ವಿಚಾರಿಸುವವನು ಎರಡನ್ನೂ ಉಳಿಸುತ್ತಾನೆ.

ವಿಚಾರಣೆಗೆ ಮೊದಲು ನೀರಿನ ಹಾದಿಯನ್ನು ತಿಳಿದಿರಬೇಕು. ಫ್ಯಾನ್ ಬೆಲ್ಟಿನಿಂದ ತಿರುಗುವ ವಾಟರ್ ಪಂಪು ರೇಡಿಯೇಟರಿನ ಕೆಳಗಿನ ಹೋಸ್ ಪೈಪಿನಿಂದ ತಣ್ಣನೆಯ ನೀರನ್ನು ಸೆಳೆದು ಸಿಲಿಂಡರುಗಳ ಸುತ್ತ ಹರಿಸುತ್ತದೆ. ಅಲ್ಲಿ ಕಾದ ನೀರು ಹೆಡ್ಡಿನ ಮೂಲಕ ಥರ್ಮೋಸ್ಟಾಟ್ ಎಂಬ ಬಾಗಿಲನ್ನು ತಲಪುತ್ತದೆ. ಯಂತ್ರ ತಣ್ಣಗಿರುವಾಗ ಈ ಬಾಗಿಲು ಮುಚ್ಚಿದ್ದು, ನೀರು ಸಾಮಾನ್ಯವಾಗಿ 80 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಬಂದಾಗ ತೆರೆಯುತ್ತದೆ. ಆಗ ನೀರು ಮೇಲಿನ ಪೈಪಿನಿಂದ ರೇಡಿಯೇಟರಿಗಿಳಿದು, ಕಾವನ್ನು ಕಳೆದುಕೊಂಡು, ಮತ್ತೆ ಪಂಪಿಗೆ ಮರಳುತ್ತದೆ. ರೇಡಿಯೇಟರಿನ ಮುಚ್ಚಳವೂ ಬರಿಯ ಮುಚ್ಚಳವಲ್ಲ. ಅದು ಒಳಗಿನ ಒತ್ತಡವನ್ನು ಹಿಡಿದಿಡುತ್ತದೆ. ಚದರ ಅಂಗುಲಕ್ಕೆ ಒಂದು ಪೌಂಡಿನಷ್ಟು ಒತ್ತಡ ಹೆಚ್ಚಿದರೆ ನೀರಿನ ಕುದಿಬಿಂದು ಸುಮಾರು ಒಂದೂವರೆ ಡಿಗ್ರಿ ಏರುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಸಕಲೇಶಪುರದ ಸೀಮೆಯಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ. ಆದುದರಿಂದ ಮಂಗಳೂರಿನ ಕಡೆಯಿಂದ ಶಿರಾಡಿ ಘಾಟಿಯನ್ನು ಹತ್ತಿ ಬರುವ ಹಳೆಯ ಲಾರಿಗೆ ಮುಚ್ಚಳದ ಒಂದು ಸವೆದ ರಬ್ಬರು ಕೂಡ ಕುದಿತಕ್ಕೆ ಕಾರಣವಾಗಬಲ್ಲದು.

ವಿಚಾರಣೆಯ ಮೊದಲ ಪ್ರಶ್ನೆ ಇದು: ತಾಪ ನಿಜವೋ, ಮುಳ್ಳಿನ ಸುಳ್ಳೋ? ಹಳೆಯ ಮೀಟರುಗಳೂ ಅವುಗಳ ತಂತಿಗಳೂ ತಪ್ಪು ಹೇಳುವುದುಂಟು. ಯಂತ್ರ ಪೂರ್ಣವಾಗಿ ತಣ್ಣಗಿರುವಾಗ ಮುಚ್ಚಳವನ್ನು ತೆಗೆದು, ಶಾಲೆಯ ಪ್ರಯೋಗಶಾಲೆಯಲ್ಲಿರುವಂತಹ ಉಷ್ಣಮಾಪಕವನ್ನು ನೀರಿನಲ್ಲಿಳಿಬಿಟ್ಟು, ಯಂತ್ರವನ್ನು ಮೆಲ್ಲಗೆ ಓಡಿಸಿ ಎರಡೂ ಲೆಕ್ಕಗಳನ್ನು ಹೋಲಿಸಬೇಕು. ನೀರು ಕುದಿಯುವ ಬಹು ಮೊದಲೇ ನಿಲ್ಲಿಸಬೇಕು. ಮುಳ್ಳು ಮೇಲೇರದಿರುವುದೂ ಯಾವಾಗಲೂ ಶುಭಸೂಚನೆಯಲ್ಲ. ನೀರು ಸೋರಿ ಅದರ ಮಟ್ಟವು ತಾಪವನ್ನು ಅಳೆಯುವ ಸಾಧನಕ್ಕಿಂತ ಕೆಳಗಿಳಿದರೆ ಯಂತ್ರ ಬೇಯುತ್ತಿರುವಾಗಲೂ ಮುಳ್ಳು ಕೆಳಗೇ ನಿಲ್ಲಬಹುದು. ಏರಿದ್ದ ಮುಳ್ಳು ಕಾರಣವಿಲ್ಲದೆ ಥಟ್ಟನೆ ಇಳಿದರೆ ಸಮಾಧಾನಪಡದೆ ಲಾರಿಯನ್ನು ನಿಲ್ಲಿಸುವುದೇ ವಿವೇಕ.

ಎರಡನೆಯ ಪ್ರಶ್ನೆ: ತಾಪ ಏರುವುದು ಯಾವಾಗ? ಅರ್ಧ ನಿದಾನ ಈ ಪ್ರಶ್ನೆಯಲ್ಲಿಯೇ ಅಡಗಿದೆ. ಊರೊಳಗೆ ನಿಂತು ನಿಂತು ಸಾಗುವಾಗ ಕಾದು, ಬಯಲಿನ ರಸ್ತೆಯಲ್ಲಿ ಓಡುವಾಗ ತಣಿಯುವುದಾದರೆ ಗಾಳಿಯ ಕೊರತೆಯನ್ನು ಶಂಕಿಸಬೇಕು. ಅಂದರೆ ಫ್ಯಾನು, ಬೆಲ್ಟು, ಫ್ಯಾನಿನ ಸುತ್ತಲಿನ ತಗಡಿನ ಮರೆ ಇವನ್ನು ನೋಡಬೇಕು. ನಿಂತಾಗ ಸರಿಯಾಗಿದ್ದು, ಭಾರ ಹೊತ್ತು ವೇಗದಲ್ಲಿ ಓಡುವಾಗ ಕಾಯುವುದಾದರೆ ನೀರಿನ ಹರಿವಿನಲ್ಲಿ ಅಥವಾ ರೇಡಿಯೇಟರಿನ ಸಾಮರ್ಥ್ಯದಲ್ಲಿ ಕೊರತೆಯಿರುವ ಸಂಭವ ಹೆಚ್ಚು. ಹೊರಟ ಕೆಲವೇ ನಿಮಿಷಗಳಲ್ಲಿ ಏರುವುದಾದರೆ ಥರ್ಮೋಸ್ಟಾಟ್ ಮುಚ್ಚಿಕೊಂಡೇ ನಿಂತಿರಬಹುದು, ನೀರು ಕಡಮೆಯಿರಬಹುದು, ಇಲ್ಲವೆ ಹೆಡ್ ಗ್ಯಾಸ್ಕೆಟ್ ಒಡೆದಿರಬಹುದು.

ಇನ್ನು ಪರೀಕ್ಷೆ. ಅದು ಖರ್ಚಿಲ್ಲದುದರಿಂದ ಆರಂಭವಾಗಿ ಖರ್ಚಿನದರ ಕಡೆಗೆ ಸಾಗಬೇಕು. ತಣ್ಣಗಿರುವ ಯಂತ್ರದಲ್ಲಿ ನೀರಿನ ಮಟ್ಟವನ್ನು ನೋಡಬೇಕು. ಬೆಲ್ಟಿನ ನಡುಭಾಗವನ್ನು ಬೆರಳಿನಿಂದ ಒತ್ತಿದಾಗ ಅದು ಸುಮಾರು ಅರ್ಧ ಅಂಗುಲ ತಗ್ಗಿದರೆ ಸರಿ. ಜೋತುಬಿದ್ದಿದ್ದರೆ ಪಂಪೂ ಫ್ಯಾನೂ ಸೋಮಾರಿಗಳಾಗಿವೆಯೆಂದೇ ಅರ್ಥ. ರೇಡಿಯೇಟರಿನ ತೆಳುರೆಕ್ಕೆಗಳ ನಡುವೆ ಹೊಟ್ಟು, ಕೀಟ, ಎಣ್ಣೆಬೆರೆತ ಧೂಳು ತುಂಬಿದ್ದರೆ ಗಾಳಿಗೆ ದಾರಿಯಿರದು. ಯಂತ್ರದ ಕಡೆಯಿಂದ ಹೊರಮುಖವಾಗಿ, ರೆಕ್ಕೆ ಬಾಗದಷ್ಟು ಮೆಲ್ಲಗೆ ನೀರು ಹಾಯಿಸಿ ತೊಳೆಯಬೇಕು. ವಾಟರ್ ಪಂಪಿನ ಕೆಳಗಿನ ಸಣ್ಣ ರಂಧ್ರದಿಂದ ನೀರು ತೊಟ್ಟಿಕ್ಕುತ್ತಿದ್ದರೆ ಅದರ ಸೀಲು ಸವೆದಿದೆ. ಕೆಳಗಿನ ಹೋಸ್ ಪೈಪು ಹಳತಾಗಿ ಮೆತ್ತಗಾಗಿದ್ದರೆ, ಯಂತ್ರದ ವೇಗ ಹೆಚ್ಚಿಸಿದಾಗ ಪಂಪಿನ ಸೆಳೆತಕ್ಕೆ ಚಪ್ಪಟೆಯಾಗಿ ಹರಿವನ್ನು ಅಡಗಿಸುತ್ತದೆ. ನಿಂತ ಯಂತ್ರದಲ್ಲಿ ಈ ದೋಷ ಕಾಣದು.

ಹೊರಗೆ ದೋಷ ಸಿಗದಿದ್ದರೆ ಒಳಗೆ ಹುಡುಕಬೇಕು. ಗಡಸು ನೀರನ್ನು ವರ್ಷಗಟ್ಟಲೆ ತುಂಬಿಸಿದ ಲಾರಿಯ ಒಳಗೋಡೆಗೆ, ಮನೆಯ ಸ್ನಾನದ ಹಂಡೆಗೆ ಕಟ್ಟುವಂತೆಯೇ, ಬಿಳಿಯ ಸುಣ್ಣದ ಪದರ ಕಟ್ಟುತ್ತದೆ. ಈ ಪದರವು ಶಾಖವನ್ನು ಸುಲಭವಾಗಿ ದಾಟಿಸುವುದಿಲ್ಲ. ಯಂತ್ರವನ್ನು ಕಾಯಿಸಿ ನಿಲ್ಲಿಸಿ, ಫ್ಯಾನು ನಿಂತ ಮೇಲೆ ರೇಡಿಯೇಟರಿನ ಮುಖದ ಹತ್ತಿರ ಕೈಯೊಡ್ಡಿದರೆ, ನಡುನಡುವೆ ತಣ್ಣಗಿರುವ ಭಾಗಗಳು ಮುಚ್ಚಿದ ಕೊಳವೆಗಳನ್ನು ತೋರಿಸಿಕೊಡುತ್ತವೆ. ಥರ್ಮೋಸ್ಟಾಟನ್ನು ಬಿಚ್ಚಿ, ದಾರದಿಂದ ಕಟ್ಟಿ, ಉಷ್ಣಮಾಪಕವಿಟ್ಟ ನೀರಿನ ಪಾತ್ರೆಯಲ್ಲಿ ತೂಗುಬಿಟ್ಟು ಕಾಯಿಸಿದರೆ ಅದು ತನ್ನ ಮೇಲೆ ಮುದ್ರಿತವಾದ ತಾಪದಲ್ಲಿ ತೆರೆಯುವುದೋ ಇಲ್ಲವೋ ಕಣ್ಣಿಗೆ ಕಾಣುತ್ತದೆ.

ಇಲ್ಲಿ ಒಂದು ರೂಢಿಯನ್ನು ಖಂಡಿಸಬೇಕಾಗಿದೆ. ತಾಪ ಏರಿತೆಂದು ಥರ್ಮೋಸ್ಟಾಟನ್ನೇ ಕಿತ್ತೆಸೆಯುವ ಪದ್ಧತಿ ಅನೇಕ ಗ್ಯಾರೇಜುಗಳಲ್ಲಿ ಬೇರೂರಿದೆ. ಇದು ಔಷಧವಲ್ಲ, ಅಪಥ್ಯ. ಥರ್ಮೋಸ್ಟಾಟ್ ಇಲ್ಲದ ಯಂತ್ರ ತಕ್ಕ ಕಾವಿಗೆ ಬರಲು ಬಹು ಹೊತ್ತು ಹಿಡಿಯುತ್ತದೆ. ತಣ್ಣನೆಯ ಸಿಲಿಂಡರಿನಲ್ಲಿ ಇಂಧನ ಪೂರ್ತಿ ಉರಿಯದೆ ಎಣ್ಣೆಯನ್ನು ತೊಳೆಯುತ್ತದೆ, ಸವೆತ ಹೆಚ್ಚುತ್ತದೆ, ಡೀಸೆಲ್ಲಿನ ಖರ್ಚೂ ಏರುತ್ತದೆ. ಅಷ್ಟೇ ಅಲ್ಲದೆ, ತೆರೆದಾಗ ಬೈಪಾಸ್ ದಾರಿಯನ್ನು ಮುಚ್ಚುವ ಬಗೆಯ ಥರ್ಮೋಸ್ಟಾಟ್ ಇರುವ ಯಂತ್ರದಲ್ಲಿ ಅದನ್ನು ತೆಗೆದರೆ, ಕಾದ ನೀರಿನ ಒಂದು ಪಾಲು ರೇಡಿಯೇಟರನ್ನು ಕಾಣದೆಯೇ ಸುತ್ತುತ್ತದೆ. ತಾಪ ತಗ್ಗಿಸಲು ಮಾಡಿದ ಉಪಾಯವೇ ತಾಪವನ್ನು ಏರಿಸುತ್ತದೆ.

ಎಲ್ಲಕ್ಕಿಂತ ಕಠಿನವಾದ ದೋಷ ಹೆಡ್ ಗ್ಯಾಸ್ಕೆಟಿನದು. ಯಂತ್ರ ಓಡುವಾಗ ರೇಡಿಯೇಟರಿನ ಬಾಯಲ್ಲಿ ಗುಳ್ಳೆಗಳು ಎಡೆಬಿಡದೆ ಏಳುವುದು, ಸೋರಿಕೆ ಕಾಣದಿದ್ದರೂ ನೀರು ಕಡಮೆಯಾಗುವುದು, ಎಂಜಿನ್ ಎಣ್ಣೆ ಹಾಲುಬೆರೆತಂತೆ ಬೆಳ್ಳಗಾಗುವುದು, ಕಾದ ಮೇಲೆಯೂ ಹೊಗೆಯಲ್ಲಿ ಬಿಳಿಯ ಹಬೆ ನಿಲ್ಲದಿರುವುದು ಇದರ ಲಕ್ಷಣಗಳು. ಇವುಗಳಲ್ಲಿ ಯಾವುದು ಕಂಡರೂ ಲಾರಿಯನ್ನು ಬಾಡಿಗೆಗೆ ಕಳುಹಿಸದೆ ಅನುಭವಿ ಮೇಸ್ತ್ರಿಗೆ ತೋರಿಸುವುದು ಮೇಲು. ಒಮ್ಮೊಮ್ಮೆ ನೀರಿನ ವ್ಯವಸ್ಥೆ ನಿರ್ದೋಷಿಯಾಗಿದ್ದು ಅಪರಾಧಿ ಬೇರೆಡೆ ಇರುತ್ತಾನೆ: ಹಿಡಿದುಕೊಂಡೇ ಇರುವ ಬ್ರೇಕು, ಹದ ತಪ್ಪಿದ ಇಂಧನದ ಪಂಪು, ಮಿತಿಮೀರಿದ ಭಾರ, ಏರಿನಲ್ಲಿ ಗೇರು ಇಳಿಸದೆ ಯಂತ್ರವನ್ನು ಏದುಸಿರುಬಿಡಿಸುವ ಚಾಲನೆ.

ಘಾಟಿಯ ನಡುವೆ ತಾಪ ಏರಿದರೆ ಹೇಗೆ? ನೀರು ಸೋರದೆ ಮುಳ್ಳು ಮಾತ್ರ ಏರಿದ್ದರೆ, ಸುರಕ್ಷಿತ ಸ್ಥಳದಲ್ಲಿ ಲಾರಿಯನ್ನು ನಿಲ್ಲಿಸಿ, ಚಕ್ರಕ್ಕೆ ಕಲ್ಲುಕೊಟ್ಟು, ನ್ಯೂಟ್ರಲ್ಲಿನಲ್ಲಿ ಯಂತ್ರವನ್ನು ತುಸು ವೇಗವಾಗಿ ಓಡಿಸುತ್ತಿದ್ದರೆ ಫ್ಯಾನೂ ಪಂಪೂ ತಾಪವನ್ನು ಇಳಿಸುತ್ತವೆ. ಬೆಲ್ಟು ತುಂಡಾಗಿದ್ದರೆ, ನೀರು ಹೊರಚೆಲ್ಲಿದ್ದರೆ ಅಥವಾ ಎಣ್ಣೆಯ ಒತ್ತಡ ಕುಸಿದಿದ್ದರೆ ಯಂತ್ರವನ್ನು ಕೂಡಲೇ ನಿಲ್ಲಿಸಬೇಕು. ಬಿಸಿಯಾಗಿರುವಾಗ ಮುಚ್ಚಳವನ್ನು ಮುಟ್ಟಲೇಬಾರದು. ಒತ್ತಡ ಬಿಟ್ಟೊಡನೆ ಒಳಗಿನ ನೀರು ಒಮ್ಮೆಗೇ ಹಬೆಯಾಗಿ ಚಿಮ್ಮಿ ಮುಖವನ್ನೂ ಕಣ್ಣನ್ನೂ ಸುಡುತ್ತದೆ. ಅರ್ಧ ಗಂಟೆಯ ತಡವನ್ನು ಸಹಿಸದ ಕ್ಲೀನರ್ ಹುಡುಗನು ಜೀವಮಾನದ ಕಲೆಯನ್ನು ಹೊರಬೇಕಾದೀತು. ಅವನನ್ನು ತಡೆಯುವ ಹೊಣೆ ಚಾಲಕನದು. ಕಾದ ಯಂತ್ರಕ್ಕೆ ಒಮ್ಮೆಗೇ ತಣ್ಣೀರು ಸುರಿದರೆ ಲೋಹ ಬಿರಿಯುತ್ತದೆ. ತಣಿದ ಮೇಲೆ, ದಪ್ಪ ಬಟ್ಟೆಯಿಂದ ಮುಚ್ಚಳವನ್ನು ಹಂತಹಂತವಾಗಿ ತಿರುಗಿಸಿ, ನೀರನ್ನು ಸ್ವಲ್ಪಸ್ವಲ್ಪವಾಗಿ ತುಂಬಬೇಕು.

ಬಾರದಂತೆ ತಡೆಯುವುದು ಬಂದಮೇಲೆ ಗುಣಪಡಿಸುವುದಕ್ಕಿಂತ ಸುಲಭ. ಕೊಳವೆಬಾವಿಯ ಗಡಸು ನೀರಿನ ಬದಲು ಶುದ್ಧೀಕರಿಸಿದ ಮೃದು ನೀರಿನಲ್ಲಿ, ತಯಾರಕರು ಹೇಳಿದ ಪ್ರಮಾಣದಲ್ಲಿ ಕೂಲೆಂಟ್ ಬೆರೆಸಿ ತುಂಬಿದರೆ ತುಕ್ಕೂ ಸುಣ್ಣವೂ ದೂರವಿರುತ್ತವೆ. ಗ್ಲೈಕಾಲ್ ಸೇರಿದ ಕೂಲೆಂಟ್ ಸಿಹಿಯಾಗಿದ್ದರೂ ವಿಷ. ಮಕ್ಕಳಿಗೂ ದನಕರುಗಳಿಗೂ ಸಿಗದಂತೆ ಇಡಬೇಕು. ದಿನಬೆಳಗಾದರೆ ನೀರಿನ ಮಟ್ಟ, ಬೆಲ್ಟಿನ ಬಿಗಿ, ಪೈಪಿನ ಸ್ಥಿತಿ ಇವನ್ನು ನೋಡಲು ಐದು ನಿಮಿಷ ಸಾಕು. ಎಷ್ಟು ನೀರು ತುಂಬಿದೆ, ಎಂದು ತುಂಬಿದೆ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಬರಲಿರುವ ದೋಷವು ಮೊದಲೇ ತನ್ನ ಸುಳಿವನ್ನು ಕೊಡುತ್ತದೆ. ತರಗತಿಯಲ್ಲಿ ಕುದಿಬಿಂದುವಿನ ಪಾಠವನ್ನು ಬಾಯಿಪಾಠ ಮಾಡಿದ ಬಾಲಕನೊಬ್ಬನು ಮುಂದೆ ಲಾರಿಯ ಮುಂದೆ ನಿಂತು, ಕೈಯನ್ನು ಮುಚ್ಚಳದ ಮೇಲಿಡದೆ ಹಿಂದೆಗೆದುಕೊಂಡರೆ, ಆ ಪಾಠ ಸಾರ್ಥಕವಾಯಿತೆಂದು ಹೇಳಬಹುದು.