ಕಂಪ್ಯೂಟರಿಗೆ ಕನ್ನ: ತಡೆಯುವುದು ಹೇಗೆ?

2017ರ ಮೇ 12, ಶುಕ್ರವಾರ. ಬ್ರಿಟನ್ನಿನ ಹಲವು ಸರ್ಕಾರಿ ಆಸ್ಪತ್ರೆಗಳ ಕಂಪ್ಯೂಟರ್ ಪರದೆಗಳ ಮೇಲೆ ಇದ್ದಕ್ಕಿದ್ದಂತೆ ಬೆದರಿಕೆಯ ಸೂಚನೆಯೊಂದು ಮೂಡಿತು. ಕಡತಗಳಿಗೆಲ್ಲ ಬೀಗ ಬಿದ್ದಿದೆ, ಬಿಡಿಸಬೇಕಾದರೆ 300 ಡಾಲರ್ ಬೆಲೆಯ ಬಿಟ್‌ಕಾಯಿನ್ ಕೊಡಬೇಕು ಎಂಬುದು ಅದರ ಸಾರಾಂಶ. ರೋಗಿಗಳ ದಾಖಲೆಗಳೇ ತೆರೆಯದಾದವು. ಎಷ್ಟೋ ಶಸ್ತ್ರಚಿಕಿತ್ಸೆಗಳು ಮುಂದಕ್ಕೆ ಹೋದವು. ‘ವನ್ನಾಕ್ರೈ’ ಎಂಬ ಈ ಪಿಡುಗು ಕೆಲವೇ ದಿನಗಳಲ್ಲಿ ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ಹರಡಿತು.

ವಿಷಾದದ ಸಂಗತಿ ಎಂದರೆ, ರೋಗಕ್ಕೆ ಮೊದಲೇ ಮದ್ದು ಬಂದಿತ್ತು. ವಿಂಡೋಸ್ ತಂತ್ರಾಂಶದಲ್ಲಿದ್ದ ಬಿರುಕನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಸಂಸ್ಥೆ ಅದೇ ವರ್ಷದ ಮಾರ್ಚ್ 14ರಂದು ಬಿಡುಗಡೆ ಮಾಡಿತ್ತು. ಅದನ್ನು ಹಾಕಿಕೊಂಡ ಯಂತ್ರಗಳಲ್ಲಿ ಆ ಬಿರುಕಿನ ದಾರಿ ಮುಚ್ಚಿಹೋಗಿತ್ತು. ‘ನಾಳೆ ನೋಡೋಣ’ ಎಂದವರು ಪೆಟ್ಟು ತಿಂದರು.

ಆಸ್ಪತ್ರೆಗೆ ಬಂದ ಕಷ್ಟ ಮನೆಗೂ ಬರಬಹುದು. ಮಗಳ ಮದುವೆಯ ಫೋಟೋಗಳು, ಆದಾಯ ತೆರಿಗೆಯ ಲೆಕ್ಕ, ಜಮೀನಿನ ಪತ್ರಗಳ ಪ್ರತಿ, ಬ್ಯಾಂಕಿನ ವ್ಯವಹಾರ, ಇವೆಲ್ಲ ಇಂದು ಒಂದೇ ಪೆಟ್ಟಿಗೆಯಲ್ಲಿವೆ. ಅದಕ್ಕೆ ಕನ್ನ ಬಿದ್ದರೆ?

ವೈರಸ್ ಎಂದರೇನು?

ನೆಗಡಿಯ ವೈರಸ್ ಜೀವಕೋಶದ ಹೊರಗೆ ವೃದ್ಧಿಯಾಗಲಾರದು. ಕೋಶವನ್ನು ಹೊಕ್ಕು, ಅದರ ಸಲಕರಣೆಗಳನ್ನೇ ಬಳಸಿಕೊಂಡು ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳುತ್ತದೆ. ಕಂಪ್ಯೂಟರ್ ವೈರಸ್ಸಿನ ರೀತಿಯೂ ಇದೇ. ಅದೊಂದು ಚಿಕ್ಕ ಪ್ರೋಗ್ರಾಂ. ಮತ್ತೊಂದು ಕಡತದ ಬೆನ್ನೇರಿ ಹರಡುತ್ತದೆ. 1986ರಲ್ಲಿ ಲಾಹೋರಿನ ಇಬ್ಬರು ಸೋದರರು ಬರೆದ ‘ಬ್ರೇನ್’ ಫ್ಲಾಪಿಯಿಂದ ಫ್ಲಾಪಿಗೆ ಹಬ್ಬಿತು. ಅವರು ಅದರೊಳಗೆ ತಮ್ಮ ವಿಳಾಸ, ಫೋನ್ ನಂಬರುಗಳನ್ನೂ ಬರೆದಿಟ್ಟಿದ್ದರು! ಇಂದಿನವರು ವಿಳಾಸ ಕೊಡುವುದಿಲ್ಲ, ಹಣ ಕೇಳುತ್ತಾರೆ.

ವನ್ನಾಕ್ರೈ ಕಡತಗಳನ್ನು ಗೂಢಲಿಪಿಗೆ ಬದಲಿಸಲು 128 ಬಿಟ್‌ಗಳ ಕೀಲಿಯನ್ನು ಬಳಸಿತ್ತು. ಅಂಥ ಕೀಲಿಗಳು ಎಷ್ಟು ಸಾಧ್ಯ ಎಂಬ ಲೆಕ್ಕವನ್ನು ಅಂಕಿಯಲ್ಲಿ ಬರೆದರೆ 39 ಸ್ಥಾನಗಳ ಸಂಖ್ಯೆಯಾಗುತ್ತದೆ. ಒಂದೊಂದಾಗಿ ಪ್ರಯತ್ನಿಸಿ ಬೀಗ ತೆಗೆಯುವುದು ಆಗದ ಮಾತು.

ಬಾಗಿಲು ತೆರೆಯುವವರು ಯಾರು?

ಎಲ್ಲ ಪಿಡುಗುಗಳೂ ಬಿರುಕು ಹುಡುಕಿ ನುಗ್ಗುವುದಿಲ್ಲ. ಅನೇಕವನ್ನು ಮನೆಯವರೇ ಬರಮಾಡಿಕೊಳ್ಳುತ್ತಾರೆ. 2000ದ ಮೇ ತಿಂಗಳಲ್ಲಿ ಫಿಲಿಪ್ಪೀನ್ಸ್‌ನಿಂದ ಹೊರಟ ‘ಐ ಲವ್ ಯು’ ಎಂಬ ಇ–ಮೇಲ್ ಜಗತ್ತನ್ನೇ ಸುತ್ತಿತು. ಜೊತೆಗಿದ್ದ ಪ್ರೇಮಪತ್ರದ ಹೆಸರು ಸಾಧಾರಣ ಬರಹದ ಕಡತದಂತೆ ಕಾಣುತ್ತಿತ್ತು. ಅದು ಪ್ರೋಗ್ರಾಂ ಎಂದು ಹೇಳುವ ಕೊನೆಯ ಮೂರು ಅಕ್ಷರಗಳನ್ನು ವಿಂಡೋಸ್ ಮರೆಮಾಡಿತ್ತು. ಕುತೂಹಲದಿಂದ ಒತ್ತಿದವರ ಯಂತ್ರದಿಂದ ಅವರ ಪರಿಚಿತರಿಗೆಲ್ಲ ಅದೇ ಪತ್ರ ಹೋಯಿತು.

ಇಂದು ಪ್ರೇಮಪತ್ರದ ಬದಲು ಬ್ಯಾಂಕ್, ಕೊರಿಯರ್, ತೆರಿಗೆ ಇಲಾಖೆಗಳ ಹೆಸರಿನಲ್ಲಿ ಪತ್ರ ಬರುತ್ತದೆ. ‘ಇಂದೇ ಒತ್ತದಿದ್ದರೆ ಖಾತೆ ಬಂದ್’ ಎಂಬ ಅವಸರ ಕಂಡರೆ ಅಲ್ಲೇ ನಿಲ್ಲಬೇಕು. ಪುಕ್ಕಟೆಯ ಕದ್ದ ತಂತ್ರಾಂಶಗಳೂ ಅಷ್ಟೇ ಅಪಾಯ. ಆ್ಯಂಟಿವೈರಸ್ ನಿಲ್ಲಿಸಿ ಹಾಕಿಕೊಳ್ಳಿ ಎಂದು ಹೇಳುವ ತಂತ್ರಾಂಶ, ಕಾವಲುಗಾರನನ್ನು ಮಲಗಿಸಿ ಬಾಗಿಲು ತೆಗೆಯಿರಿ ಎಂದಂತೆ.

ಮಾಡಬೇಕಾದದ್ದು

ತಂತ್ರಾಂಶದ ಪರಿಷ್ಕರಣೆಗಳು ತಾವಾಗಿಯೇ ಬರುವಂತೆ ವ್ಯವಸ್ಥೆ ಮಾಡಿಕೊಳ್ಳಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಯಂತ್ರ ಇರುವವರು ಇದನ್ನು ಗಮನಿಸಬೇಕು. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಮನೆಬಳಕೆಗೆ ಸಾಮಾನ್ಯವಾಗಿ ಸಾಕು, ಅದನ್ನು ನಿಲ್ಲಿಸಬಾರದು. ದಿನನಿತ್ಯದ ಕೆಲಸಕ್ಕೆ, ಮಕ್ಕಳ ಆಟಕ್ಕೆ ‘ಅಡ್ಮಿನಿಸ್ಟ್ರೇಟರ್’ ಅಧಿಕಾರವಿಲ್ಲದ ಬೇರೆ ಖಾತೆ ಇರಲಿ. ಪ್ರತಿ ಖಾತೆಗೂ ಬೇರೆ ಪಾಸ್‌ವರ್ಡ್ ಇರಲಿ. ಇ–ಮೇಲ್‌ಗೆ ಎರಡು ಹಂತದ ಪರಿಶೀಲನೆ ಬೇಕೇ ಬೇಕು. ಏಕೆಂದರೆ ಉಳಿದ ಖಾತೆಗಳ ಪಾಸ್‌ವರ್ಡ್ ಬದಲಿಸುವ ದಾರಿ ಸಾಮಾನ್ಯವಾಗಿ ಅದರ ಮೂಲಕವೇ ಹೋಗುತ್ತದೆ.

ಇಷ್ಟೆಲ್ಲ ಮಾಡಿದರೂ ಒಮ್ಮೆ ಕೈತಪ್ಪಬಹುದು. ಆಗ ಕಾಪಾಡುವುದು ಹೆಚ್ಚುವರಿ ಪ್ರತಿ ಒಂದೇ. ತಜ್ಞರ ಸೂತ್ರ 3–2–1: ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಒಂದು ಬೇರೆ ಜಾಗದಲ್ಲಿ. ಇಲ್ಲಿ ಅನೇಕರು ಮರೆಯುವ ಮಾತೊಂದಿದೆ. ಪ್ರತಿ ಮಾಡಿದ ಹಾರ್ಡ್ ಡಿಸ್ಕನ್ನು ಕಂಪ್ಯೂಟರಿಗೆ ಸದಾ ಸಿಕ್ಕಿಸಿಯೇ ಇಟ್ಟರೆ ಪಿಡುಗು ಅದಕ್ಕೂ ಬೀಗ ಹಾಕುತ್ತದೆ. ಕೆಲಸ ಮುಗಿದೊಡನೆ ಅದನ್ನು ತೆಗೆದು ಬೀರುವಿನಲ್ಲಿಡಬೇಕು. ಆ ಪ್ರತಿ ತೆರೆಯುತ್ತದೆಯೇ ಎಂದು ಆಗಾಗ ಪರೀಕ್ಷಿಸಬೇಕು.

ರೋಗ ತಗುಲಿದರೆ

ಮೊದಲು ಇಂಟರ್‌ನೆಟ್ ಸಂಪರ್ಕ ಕಡಿಯಿರಿ. ಪಾಸ್‌ವರ್ಡ್‌ಗಳನ್ನು ಬೇರೊಂದು ಯಂತ್ರದಿಂದ ಬದಲಿಸಿ. ಸುಲಿಗೆಯ ಹಣ ಕೊಟ್ಟರೂ ಕಡತ ಸಿಗುವ ಭರವಸೆಯಿಲ್ಲ. ಯುರೋಪೋಲ್, ಡಚ್ ಪೊಲೀಸರು ಮತ್ತು ಭದ್ರತಾ ಕಂಪನಿಗಳು ಸೇರಿ 2016ರಲ್ಲಿ ಆರಂಭಿಸಿದ ‘ನೋ ಮೋರ್ ರ‍್ಯಾನ್ಸಮ್’ ಯೋಜನೆಯಲ್ಲಿ ಕೆಲವು ಬೀಗಗಳಿಗೆ ಉಚಿತ ಕೀಲಿಗಳು ಸಿಗುತ್ತವೆ. ಬ್ಯಾಂಕಿನ ಹಣ ಹೋಗಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ದೂರು ಬೇಗ ಹೋದಷ್ಟೂ ಹಣವನ್ನು ತಡೆಹಿಡಿಯುವ ಅವಕಾಶ ಹೆಚ್ಚು.

ಕಂಪ್ಯೂಟರ್ ಹಾಳಾದರೆ ಇನ್ನೊಂದನ್ನು ಕೊಳ್ಳಬಹುದು. ತೀರಿಕೊಂಡ ಹಿರಿಯರ ಫೋಟೋ, ಮಗುವಿನ ಮೊದಲ ತೊದಲುನುಡಿ ಅಂಗಡಿಯಲ್ಲಿ ಸಿಗುವುದಿಲ್ಲ. ಈ ಭಾನುವಾರ ಅರ್ಧ ಗಂಟೆ ಬಿಡುವು ಮಾಡಿಕೊಂಡು ಮೊದಲು ಅವುಗಳ ಪ್ರತಿ ಮಾಡಿಡಿ.